ಹಲ್ಲು ಬಂದ ಚಮಚ

ಕಳೆದ ಒಂದು ವರ್ಷ ನನ್ನ ಬೆಳಗು ಶುರುವಾಗುತ್ತಿದ್ದದ್ದು ಹೀಗೆ. ಗಂಟೆ ಆರೂವರೆ. ಕಣ್ಣು ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಕಾಫಿಗೆ ಸಕ್ಕರೆ ಹಾಕೋಣ ಅಂತ ಚಮಚದ ಸ್ಟ್ಯಾಂಡಿಗೆ ಕೈ ಹಾಕುತ್ತೇನೆ. ಮನೆಯಲ್ಲಿ ಕಡಿಮೆ ಅಂದರೂ ಇಪ್ಪತ್ತು ಚಮಚ ಇವೆ. ಆದರೂ ಆ ಹೊತ್ತಿಗೆ ಕೈಗೆ ಬರುತ್ತಿದ್ದದ್ದು ಅದೊಂದೇ. ಹಿಡಿ ಮುಟ್ಟಿದರೆ ಚಮಚ. ಬೆನ್ನು ಸವರಿದರೂ ಚಮಚ. ತುದಿಗೆ ಬಂದರೆ ಮಾತ್ರ ಮೂರು ಮೊಂಡು ಹಲ್ಲು, ನಡುವೆ ಎರಡು ಸಂದಿ. ಸಕ್ಕರೆ ತುಂಬಿಸಿಕೊಂಡು ಡಬ್ಬಿಯಿಂದ ಲೋಟದ ತನಕ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಒಂದು ಎಳೆ ರಂಗೋಲಿ ಬಿದ್ದಿರುತ್ತಿತ್ತು. ಹತ್ತು ನಿಮಿಷದಲ್ಲಿ ಅದರ ಮೇಲೆ ಇರುವೆಗಳ ಕರಗ ಹೊರಡುತ್ತಿತ್ತು.

ಇದು ಸ್ಪೋರ್ಕು. ಸ್ಪೂನಿನ ತಲೆ, ಫೋರ್ಕಿನ ಬಾಲ ಸೇರಿಸಿ ಕಟ್ಟಿದ ಹೆಸರು. ನಮ್ಮ ಮನೆಗೆ ಇದು ಬಂದದ್ದು ಮಗಳ ಊಟದ ಡಬ್ಬಿಯ ಜೊತೆ. ಜೂನ್ ತಿಂಗಳು, ಶಾಲೆ ಶುರುವಾಗುವ ಗಲಾಟೆ, ಜಯನಗರ ನಾಲ್ಕನೇ ಬ್ಲಾಕಿನ ಒಂದು ಪಾತ್ರೆ ಅಂಗಡಿ. ಡಬ್ಬಿಯ ಮುಚ್ಚಳದ ಒಳಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದ ಇದನ್ನು ತೋರಿಸಿ "ಇದೇನಪ್ಪಾ?" ಅಂದೆ. "ಟೂ ಇನ್ ಒನ್ ಮೇಡಂ," ಅಂದ ಅಂಗಡಿಯ ಹುಡುಗ. ಇನ್ನು ಕೇಳುವುದೇನೂ ಇಲ್ಲ ಅನ್ನುವ ದನಿ. ಟೂ ಇನ್ ಒನ್ ಅಂದರೆ ನನ್ನ ಕಾಲದವರಿಗೆ ರೇಡಿಯೋ ಮತ್ತು ಟೇಪ್ ರೆಕಾರ್ಡರ್. ಅದೂ ಹೀಗೇ, ಕ್ಯಾಸೆಟ್ ಹಾಕಿದರೆ ನುಂಗುತ್ತಿತ್ತು, ಸ್ಟೇಷನ್ ಹಿಡಿದರೆ ಗೊರ್ ಅನ್ನುತ್ತಿತ್ತು. ಆದರೂ ಮನೆಯಲ್ಲಿ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದರು.

ಮುಳ್ಳಿಗೆ ಚಮಚ, ಚಮಚಕ್ಕೆ ಮುಳ್ಳು

ಚಳಿಗಾಲಕ್ಕೆ ಅಮ್ಮ ತೀರ್ಥಹಳ್ಳಿಯಿಂದ ಬಂದಳು. ಬಂದ ಮಾರನೇ ದಿನ ಪಾತ್ರೆ ತೊಳೆಯುತ್ತಾ ನಿಂತವಳು ನಲ್ಲಿ ನಿಲ್ಲಿಸಿದಳು. ಇದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಎಂತದೇ ಮಾರಾಯ್ತಿ ಇದು, ಚಮಚಕ್ಕೆ ಹಲ್ಲು ಬಂದಿದ್ಯಲ್ಲೇ!"

ಅದು ಸ್ಪೋರ್ಕ್ ಅಂತ ಮಗಳು ಹೇಳಿದಳು. ಅಮ್ಮ ಆ ಪದವನ್ನು ಎರಡು ಸಲ ಬಾಯಲ್ಲಿ ಹೊರಳಿಸಿದಳು, ಕಹಿ ಸೌತೆಕಾಯಿ ಸಿಕ್ಕವರ ಹಾಗೆ. ಆಮೇಲೆ ಒಂದು ನ್ಯಾಯವಾದ ಪ್ರಶ್ನೆ ಕೇಳಿದಳು. "ಕನ್ನಡದಲ್ಲಿ ಎಂತ ಹೇಳ್ತಾರೆ?"

ನಾನು ಉತ್ತರ ಕೊಡಲು ಹೊರಟು ಸಿಕ್ಕಿಹಾಕಿಕೊಂಡೆ. ಯೋಚನೆ ಮಾಡಿ ನೋಡಿ. ಫೋರ್ಕಿಗೆ ಕನ್ನಡದಲ್ಲಿ ಏನು? ಮುಳ್ಳುಚಮಚ. ಬಾಯಿ ಬಿಟ್ಟು ಯಾರೂ ಹಾಗೆ ಹೇಳುವುದಿಲ್ಲ, ಫೋರ್ಕು ಅನ್ನುತ್ತಾರೆ. ಆದರೆ ಪುಸ್ತಕದಲ್ಲಿ ಇರುವುದು ಮುಳ್ಳುಚಮಚ. ಅಂದರೆ ಮುಳ್ಳಿರುವ ಚಮಚ. ಅಂದರೆ ಇದೇ! ಫೋರ್ಕನ್ನು ಮೊದಲ ಸಲ ಕಂಡ ನಮ್ಮವರು, ಊಟಕ್ಕೆ ಬಂದದ್ದೆಲ್ಲ ಚಮಚದ ನೆಂಟರೇ ಅಂದುಕೊಂಡು, ಚಮಚ ಅಲ್ಲವೇ ಅಲ್ಲದ ವಸ್ತುವಿಗೆ ಚಮಚದ ಹೆಸರು ಕೊಟ್ಟುಬಿಟ್ಟರು. ನಿಜವಾದ ಮುಳ್ಳುಚಮಚ ಬರುವ ಹೊತ್ತಿಗೆ ಹೆಸರು ಖಾಲಿ. ಬಸ್ಸಿನ ಸೀಟಿಗೆ ಮೊದಲೇ ಯಾರೋ ಟವಲ್ ಹಾಕಿದ್ದಾರೆ. ಪಾಪ, ಇದು ನಿಂತೇ ಪ್ರಯಾಣ ಮಾಡಬೇಕು.

ಕನ್ನಡಕ್ಕೆ ಪಾತ್ರೆ ಹೆಸರಿನ ಬಡತನ ಅಂತ ಯಾರೂ ಹೇಳುವ ಹಾಗಿಲ್ಲ. ಕೂಸಿಗೆ ಹಾಲು ಕುಡಿಸುವ ಮೂತಿ ಚೂಪಿನ ಪುಟ್ಟ ಬಟ್ಟಲಿಗೆ ಒಳಲೆ ಅಂತ ಪ್ರತ್ಯೇಕ ಹೆಸರಿದೆ. ತೀರ್ಥ ಕೊಡುವ ಚಮಚಕ್ಕೆ ಚಮಚ ಅಂದರೆ ಅಜ್ಜಿಯಂದಿರು ಬೈಯುತ್ತಿದ್ದರು, ಅದು ಉದ್ಧರಣೆ. ಅನ್ನ ಬಡಿಸುವುದು ಬೇರೆ, ಸಾರು ಬಡಿಸುವ ಸೌಟು ಬೇರೆ, ಎಣ್ಣೆಯಿಂದ ಬೋಂಡ ಎತ್ತುವ ಜಾಲರಿ ಬೇರೆ. ಅತ್ತಿಗೆ, ನಾದಿನಿ, ಓರಗಿತ್ತಿಯರ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಹೆಸರು, ಒಂದೊಂದು ಮೊಳೆ. ಇನ್ನು ಬರೀ ಚಮಚ ಅಂದರೂ ಇತ್ತೀಚೆಗೆ ಮರ್ಯಾದೆ ಇಲ್ಲ. ಸಾಹೇಬರ ಹಿಂದೆ ಬ್ಯಾಗು ಹಿಡಿದುಕೊಂಡು ಓಡಾಡುವವನೂ ಚಮಚಾನೇ. ಹಲ್ಲಿರುವ ಚಮಚ ಅಂದರೆ, ಹೊಗಳುತ್ತಲೇ ಕಚ್ಚುವವನು. ಅಂಥವರೂ ಆಫೀಸಿನಲ್ಲಿ ಇದ್ದಾರೆ, ಆದರೆ ಅದು ಇಲ್ಲಿ ಬೇಡ.

ಕೊನೆಗೆ ಅಮ್ಮ ಅಂದದ್ದೇ ನಿಂತಿತು. ಹಲ್ಲುಚಮಚ.

ತುಟಿ ಕೊಯ್ಯದ ಪುಣ್ಯ

ಇದು ಯಾರ ತಲೆಗೆ ಬಂತು ಅಂತ ಹುಡುಕಿದೆ. 1874ರ ಫೆಬ್ರವರಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಫ್ರಾನ್ಸಿಸ್ ಅನ್ನುವವರು ಒಂದು ಪೇಟೆಂಟ್ ಮಾಡಿಸಿದರು. ಅವರಿಗೆ ಎರಡು ಕೆಲಸ ಸಾಲಲಿಲ್ಲ. ಚಮಚದ ತುದಿಗೆ ಹಲ್ಲು ಇಟ್ಟರು, ಪಕ್ಕದ ಅಂಚಿಗೆ ಚಾಕುವಿನ ಅಲಗನ್ನೂ ಇಟ್ಟರು. ಬಾಯೊಳಗೆ ಹೋಗುವ ವಸ್ತುವಿನ ಅಂಚಿಗೆ ಅಲಗು! ನನ್ನ ಅತ್ತೆ ಇದನ್ನು ಕೇಳಿ ಅಂದರು, "ಅವರು ಮನೇಲಿ ಯಾರನ್ನೂ ಕೇಳದೆ ಮಾಡಿರ್ಬೇಕು ಬಿಡು."

ಹೀಗೆ ವಸ್ತು ಹುಟ್ಟಿತು, ಆದರೆ ನಾಮಕರಣ ಆಗಿರಲಿಲ್ಲ. ಸ್ಪೋರ್ಕ್ ಅನ್ನುವ ಪದ ಅಮೆರಿಕದ ಒಂದು ದೊಡ್ಡ ನಿಘಂಟಿನ ಪುರವಣಿಯಲ್ಲಿ ಕಾಣಿಸಿದ್ದು 1909ರಲ್ಲಿ. ಮೂವತ್ತೈದು ವರ್ಷ ಅದು ಇಂಗ್ಲಿಷಿನಲ್ಲೂ "ಇದೆಂಥದ್ದು?" ಆಗಿಯೇ ಇದ್ದಿರಬೇಕು. ಇದು ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು. 1970ರಲ್ಲಿ ಅಲ್ಲಿನ ಒಂದು ಕಂಪನಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿತು. ಅಗ್ಗ, ಒಂದೇ ಸಾಕು, ಎಸೆದರೂ ನಷ್ಟ ಇಲ್ಲ. ಜಪಾನಿನ ಶಾಲೆಗಳಲ್ಲಿ ಯುದ್ಧ ಮುಗಿದ ಮೇಲೆ ಮಧ್ಯಾಹ್ನದ ಊಟಕ್ಕೆ ಇಂಥದ್ದೇ ಚಮಚ ಕೊಡುತ್ತಿದ್ದರು. ಮಕ್ಕಳು ತಟ್ಟೆಗೆ ಮುಖ ಹಾಕಿ ನಾಯಿಯ ಹಾಗೆ ತಿನ್ನುತ್ತಾರೆ ಅಂತ ದೊಡ್ಡವರು ಗಲಾಟೆ ಎಬ್ಬಿಸಿದರು. ನೆಲದ ಮೇಲೆ ಕೂತು ಎಲೆಗೆ ಬಗ್ಗಿ ಉಣ್ಣುವ ನಮಗೆ ಆ ಗಲಾಟೆ ಅಷ್ಟು ಅರ್ಥ ಆಗುವುದಿಲ್ಲ ಬಿಡಿ.

ಕೋಡಿ ಬಿದ್ದ ರಸಂ

ಅಮ್ಮ ಇದ್ದ ವಾರಗಳಲ್ಲಿ ಹಲ್ಲುಚಮಚಕ್ಕೆ ನಮ್ಮ ಮನೆಯಲ್ಲಿ ದಿನಾ ಪರೀಕ್ಷೆ. ಮಗಳು ಪುಸ್ತಕದಲ್ಲಿ ಮಾರ್ಕ್ಸ್ ಬರೆಯುತ್ತಿದ್ದಳು. ಶಾವಿಗೆ ಉಪ್ಪಿಟ್ಟಿಗೆ ಹತ್ತಕ್ಕೆ ಹತ್ತು. ಚಮಚದಿಂದ ಜಾರಿ ನೇತಾಡುವ ಎಳೆಗಳನ್ನು ಇದು ಬಾಚಣಿಗೆಯ ಹಾಗೆ ಹಿಡಿದುಕೊಳ್ಳುತ್ತದೆ. ಬಿಸಿಬೇಳೆಬಾತಿಗೆ ಒಂಬತ್ತು. ಕಡಲೆಕಾಳಿನ ಉಸ್ಲಿಗೆ ಎಂಟೂವರೆ. ಫೋರ್ಕಿನಲ್ಲಿ ಕಾಳು ಚುಚ್ಚಲು ಹೋದರೆ ಅದು ಟೇಬಲ್ಲಿನ ಕೆಳಗೆ ಸಿಗುತ್ತದೆ, ಇದರಲ್ಲಿ ಹಾಗಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುವ ಗಾದೆ ಸುಳ್ಳಾಯಿತಲ್ಲ ಅಂತ ಅಮ್ಮನೂ ಒಪ್ಪಿದಳು.

ಆಮೇಲೆ ರಸಂ ಬಂತು.

ರಸಂ ತುಂಬಿ ಎತ್ತಿದರೆ ಅದು ಸಂದಿಯಿಂದ ಸಳಸಳ ಇಳಿದು, ಸಂದಿಯ ಬುಡದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕೆರೆ ನೋಡಿದವರಿಗೆ ಇದು ಗೊತ್ತು. ಏರಿ ಎಷ್ಟೇ ಎತ್ತರ ಇರಲಿ, ನೀರು ನಿಲ್ಲುವುದು ಕೋಡಿಯ ಮಟ್ಟಕ್ಕೇ. ಸ್ಪೋರ್ಕು ಅಂದರೆ ಹುಟ್ಟಿನಿಂದಲೇ ಕೋಡಿ ಬಿದ್ದ ಕೆರೆ. ಇದರ ಇಡೀ ಕಷ್ಟ ಇಷ್ಟೇ ನೋಡಿ. ಹಲ್ಲು ಉದ್ದ ಮಾಡಿದರೆ ಚುಚ್ಚಲು ಬರುತ್ತದೆ, ಆದರೆ ಕೋಡಿ ತಗ್ಗುತ್ತದೆ, ರಸಂ ಖಾಲಿ. ಹಲ್ಲು ಗಿಡ್ಡ ಮಾಡಿದರೆ ರಸಂ ಒಂದಿಷ್ಟು ನಿಲ್ಲುತ್ತದೆ, ಆದರೆ ಗೋಬಿ ಮಂಚೂರಿ ಚುಚ್ಚಲು ಹೋದರೆ ಗೋಬಿಗೆ ಕಚಗುಳಿ ಇಟ್ಟ ಹಾಗೆ. ಚೂಪು ಮಾಡೋಣ ಅಂದರೆ, ಚಮಚ ಬಾಯೊಳಗೆ ಪೂರ್ತಿ ಹೋಗುವ ವಸ್ತು, ಅಂಗುಳಿಗೆ ತಿವಿಯುತ್ತದೆ. ಹಾಗಾಗಿ ಮಾಡಿದವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಪಾರ್ಕಿಂಗ್ ವಿಷಯ ಇತ್ಯರ್ಥ ಆದದ್ದೂ ಹೀಗೇ. ಎಲ್ಲರಿಗೂ ಅರ್ಧ ಅಸಮಾಧಾನ.

ಹಿತಕಬೇಳೆ ಸಾರಿನ ದಿನ ಮಾತ್ರ ಮಜಾ ಬಂತು. ಅವರೆಕಾಯಿ ಕಾಲ, ಇಡೀ ಬಡಾವಣೆಯೇ ಅವರೆ ಸೊಗಡು. ಹಲ್ಲುಚಮಚ ಅದ್ದಿದರೆ ಬೇಳೆ ಮೇಲೆ ಬರುತ್ತದೆ, ಸಾರು ಬಟ್ಟಲಿಗೇ ವಾಪಸ್. ಮಗಳು ಬೇಳೆ ಎಲ್ಲ ಆರಿಸಿ ತಿಂದು ಸಾರು ನನಗೆ ತಳ್ಳಿದಳು. ಮುದ್ದೆ ಮಾಡಿದ ದಿನ ನಾನು ಇದನ್ನು ಟೇಬಲ್ಲಿಗೆ ತರಲೇ ಇಲ್ಲ. ಎಲ್ಲದಕ್ಕೂ ಒಂದು ಮಿತಿ ಇದೆ.

ಈಳಿಗೆ ಮಣೆಯ ವಾದ

ಒಂದು ಸಂಜೆ ಅಮ್ಮ ಇದನ್ನು ಆಡಿಕೊಳ್ಳುತ್ತಿದ್ದಾಗ ನನಗೂ ಹಟ ಬಂತು. ಎರಡು ಕೆಲಸ ಮಾಡುವ ವಸ್ತು ಅಂದರೆ ನಗಾಡುತ್ತೀಯಲ್ಲ, ನಿನ್ನ ಈಳಿಗೆ ಮಣೆ ಏನಮ್ಮ? ಅಲಗಿನಲ್ಲಿ ತರಕಾರಿ ಹೆಚ್ಚುತ್ತೀಯ, ತುದಿಯ ಹಲ್ಲಿನಲ್ಲಿ ಕಾಯಿ ತುರಿಯುತ್ತೀಯ. ಅದಕ್ಕೂ ಹಲ್ಲಿದೆ! ಮೇಲೆ ಕೂತುಕೊಳ್ಳುವ ಮಣೆ ಬೇರೆ. ತ್ರೀ ಇನ್ ಒನ್ ಆಯಿತಲ್ಲ!

ನಾನು ಗೆದ್ದೆ ಅಂದುಕೊಂಡೆ. ಅಮ್ಮ ಬೀನ್ಸ್ ನಾರು ತೆಗೆಯುತ್ತಾ, ತಲೆ ಎತ್ತದೆ ಅಂದಳು. "ಈಳಿಗೆ ಎರಡು ಕೆಲಸ ಎರಡು ಕಡೆ ಮಾಡ್ತದೆ ಕಣೇ. ನಿನ್ನ ಚಮಚ ಎರಡನ್ನೂ ಒಂದೇ ಕಡೆ ಮಾಡಕ್ಕೆ ಹೋಗ್ತದೆ. ಅದಕ್ಕೇ ಸೋರೋದು."

ಕಾಲೇಜಿನಲ್ಲಿ ವಿನ್ಯಾಸ ಕಲಿಸುವವರು ಒಂದು ಗಂಟೆ ಸ್ಲೈಡ್ ಹಾಕಿ ಹೇಳುವುದನ್ನು ಇವಳು ಬೀನ್ಸ್ ಮುರಿಯುತ್ತಾ ಹೇಳಿಬಿಟ್ಟಳು. ಸ್ವೀಡನ್ನಿನ ಒಂದು ಕಂಪನಿ ಇದೇ ದಾರಿ ಹಿಡಿದಿದೆ ಅಂತ ಫೋನಿನಲ್ಲಿ ತೋರಿಸಿದೆ. ಒಂದು ತುದಿಗೆ ಚಮಚ, ಇನ್ನೊಂದು ತುದಿಗೆ ಫೋರ್ಕು, ಹಿಡಿಯುವುದು ನಡುವೆ. ಬೆಟ್ಟ ಹತ್ತುವವರು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರೆ. ಅಮ್ಮ ಕನ್ನಡಕ ಏರಿಸಿ ನೋಡಿದಳು. ಈಳಿಗೆ ಪಂಗಡದ್ದು ಅಂತ ಒಪ್ಪಿದಳು. ಮರುಕ್ಷಣ ಮುಖ ಹಿಂಡಿದಳು. "ಅಲ್ಲಾ, ಫೋರ್ಕಲ್ಲಿ ತಿಂದು ಚಮಚಕ್ಕೆ ತಿರುಗಿಸಿದ್ರೆ ಎಂಜಲು ಕಡೆ ಅಂಗೈಗೆ ಬಂತಲ್ಲ! ಛೀ, ಮುಸುರೆ." ಸ್ವೀಡನ್ನಿನವರಿಗೆ ಎಂಜಲಿನ ಪಾಠ ಯಾರು ಮಾಡುತ್ತಾರೆ?

ಎರಡು ಚಮಚದ ಊರು

ಬೆಂಗಳೂರಿನಲ್ಲಿ ಈ ಸಮಸ್ಯೆಗೆ ಎಂದೋ ಒಂದು ಉತ್ತರ ಸಿಕ್ಕಿದೆ, ನಾವು ಗಮನಿಸುವುದಿಲ್ಲ ಅಷ್ಟೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು, ಆಮೇಲೆ ಊರು ತುಂಬ ದರ್ಶಿನಿಗಳು. ನಿಂತು ತಿನ್ನು, ಬೇಗ ತಿನ್ನು, ಆಫೀಸಿಗೆ ಓಡು. ಕೈ ತೊಳೆಯಲು ಪುರುಸೊತ್ತಿಲ್ಲ, ಹಾಗಾಗಿ ಚಮಚ. ಆದರೆ ಒಂದೇ ಚಮಚದಲ್ಲಿ ವಡೆ ಕತ್ತರಿಸಲು ಹೋಗಿ ನೋಡಿ. ವಡೆ ಸಾಂಬಾರಿನಲ್ಲಿ ಒಂದು ಸುತ್ತು ಹೊಡೆದು ಪಕ್ಕದವರ ಅಂಗಿಗೆ ಪ್ರೋಕ್ಷಣೆ ಮಾಡುತ್ತದೆ. ಅದಕ್ಕೇ ಇಲ್ಲಿ ಎರಡು ಚಮಚ. ಹೊರಗಿನಿಂದ ಬಂದ ಗೆಳೆಯರು "ಇನ್ನೊಬ್ಬರು ಯಾರು?" ಅಂತ ಕೇಳಿದ್ದಾರೆ. ಇನ್ನೊಬ್ಬರು ಯಾರೂ ಇಲ್ಲ. ಎರಡೂ ನಿನಗೇ ಮಾರಾಯ.

ಒಂದು ಭಾನುವಾರ ಲಾಲ್‌ಬಾಗಿನಲ್ಲಿ ನಡೆದು, ಬಸವನಗುಡಿಯ ಒಂದು ದರ್ಶಿನಿಗೆ ಹೋದೆವು. ಟೋಕನ್ ತಗೊಂಡು, ಇಡ್ಲಿ ವಡೆ ಡಿಪ್ ಹಿಡಿದು, ಸ್ಟೀಲಿನ ದುಂಡು ಟೇಬಲ್ಲಿಗೆ ಬಂದೆವು. ನಾನು ಬಿಸಿನೀರಿನ ಡಬ್ಬದಿಂದ ಎರಡು ಚಮಚ ತೆಗೆದೆ. ಅಮ್ಮ ಕೈ ತೊಳೆದು ಬಂದಳು, ಅವಳದು ಯಾವಾಗಲೂ ಕೈ. ಮಗಳು ಜೇಬಿನಿಂದ ಹಲ್ಲುಚಮಚ ತೆಗೆದಳು. ಮನೆಯಿಂದ ತಂದಿದ್ದಳು, ನನಗೆ ಗೊತ್ತೇ ಇರಲಿಲ್ಲ.

ಅದೇ ಟೇಬಲ್ಲಿನಲ್ಲಿ ಒಬ್ಬರು ಹಿರಿಯರು ಇದ್ದರು. ಮಂಕಿ ಕ್ಯಾಪು, ಬಿಳಿ ಪಂಚೆ, ಕೆಳಗೆ ಸ್ಪೋರ್ಟ್ಸ್ ಶೂ. ಅವರು ಇಡ್ಲಿ ತಿನ್ನುವುದನ್ನು ನೋಡಬೇಕಿತ್ತು. ಎಡಗೈ ಚಮಚ ಇಡ್ಲಿಯ ಮೇಲೆ ಹಗುರವಾಗಿ, ಬಲಗೈ ಚಮಚ ಅಂಚಿನಿಂದ ಒಂದು ಸೀಳು. ಆಪರೇಷನ್ ಥಿಯೇಟರಿನ ಶಾಂತಿ. ಅವರು ಮಗಳ ಕೈಯನ್ನು ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಕೇಳಿದರು.

"ಅದೇನು ಪುಟ್ಟಾ ಅದು?"

"ಹಲ್ಲುಚಮಚ ತಾತ."

"ಒಂದೇ ಸಾಕಾ?"

"ಸಾಕು ತಾತ. ನೋಡಿ." ಮಗಳು ನೆನೆದ ವಡೆಗೆ ಹಲ್ಲು ಊರಿ ತಿರುವಿದಳು. ಡಿಪ್ ಆದ ವಡೆ ಮೆತ್ತಗೆ ಮುರಿಯಿತು. ತುಂಡು ಚಮಚದ ಗುಳಿಯಲ್ಲಿ ಕೂತಿತು, ಜಾಸ್ತಿ ಸಾಂಬಾರು ಸಂದಿಯಿಂದ ಇಳಿಯಿತು. ನೆಲಕ್ಕೆ ಬೀಳಲಿಲ್ಲ, ಅಂಗಿಗೆ ಬೀಳಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ನಾಲ್ವರಲ್ಲಿ ಅವಳೇ ಚೊಕ್ಕಟವಾಗಿ ತಿಂದಳು.

ತಾತ ತಲೆ ಆಡಿಸಿದರು. ಕೈಯಲ್ಲಿದ್ದ ಎರಡು ಚಮಚ ನೋಡಿಕೊಂಡರು. "ಒಂದು ಕೈ ಖಾಲಿ ಉಳೀತು. ಆ ಕೈಯಲ್ಲಿ ಏನು ಮಾಡ್ತೀಯಾ?" ಅಂದರು. ಮಗಳಿಗೆ ಉತ್ತರ ಹೊಳೆಯಲಿಲ್ಲ. ನನಗೆ ಹೊಳೆಯಿತು, ಸುತ್ತ ನಿಂತಿದ್ದ ಹುಡುಗರನ್ನು ನೋಡಿದೆ. ಎಲ್ಲರೂ ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಫೋನು ಹಿಡಿದು, ವಡೆಯನ್ನು ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಕೊಲ್ಲುತ್ತಿದ್ದರು. ತಾತನಿಗೆ ನಾನೇನೂ ಹೇಳಲಿಲ್ಲ.

ಮರದ ಹಲ್ಲು

2016ರಲ್ಲೇ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚಮಚ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶಕ್ಕೇ ಆಯಿತು. ಆಮೇಲೆ ಮದುವೆ, ಗೃಹಪ್ರವೇಶಗಳಿಗೆ ಮರದ ಹಲ್ಲುಚಮಚ ಬಂದಿದೆ. ಒಳ್ಳೆಯದೇ. ಆದರೆ ಮರದ್ದು ನಾಲಿಗೆಗೆ ತಾಕಿದರೆ ನನಗೆ ಡಾಕ್ಟರು "ಆ ಅನ್ನಿ" ಅನ್ನುವುದು ನೆನಪಾಗುತ್ತದೆ. ಕನಕಪುರ ರಸ್ತೆಯ ಒಂದು ಗೃಹಪ್ರವೇಶದಲ್ಲಿ ಶಾವಿಗೆ ಪಾಯಸಕ್ಕೆ ಇದನ್ನೇ ಕೊಟ್ಟರು. ಶಾವಿಗೆ ಬಂತು, ಪಾಯಸ ಬರಲಿಲ್ಲ. ಪಕ್ಕದಲ್ಲಿ ಅಡಿಕೆ ಹಾಳೆಯ ತಟ್ಟೆ ಹಿಡಿದು ನಿಂತಿದ್ದ ಅಮ್ಮ, ತಟ್ಟೆಯನ್ನು ತೋಟದವರ ಹೆಮ್ಮೆಯಿಂದ ಬೆರಳಲ್ಲಿ ತಟ್ಟಿ ನೋಡಿದಳು. ಆಮೇಲೆ ಕಪ್ಪನ್ನು ಸೀದಾ ಬಾಯಿಗೆತ್ತಿ ಪಾಯಸ ಕುಡಿದಳು. ನಾನು ರೇಷ್ಮೆ ಸೀರೆಯಲ್ಲಿ ಮರ್ಯಾದೆ ಕಾಪಾಡಿಕೊಳ್ಳಲು ಹೋಗಿ ಸೆರಗಿಗೆ ಎರಡು ದ್ರಾಕ್ಷಿ ಬೀಳಿಸಿಕೊಂಡೆ.

ಭರಣಿ

ಅಮ್ಮ ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದಿದ್ದಳು. ಅದರಿಂದ ಮಿಡಿ ತೆಗೆಯುವುದಕ್ಕೆ ನಮ್ಮ ಮನೆಯಲ್ಲಿ ಕಾನೂನು ಇದೆ. ಕೈ ಹಾಕಬಾರದು. ಒದ್ದೆ ಚಮಚ ಹಾಕಬಾರದು, ಬೂಸ್ಟು ಬರುತ್ತದೆ. ಚಮಚದಲ್ಲಿ ಎತ್ತಿದರೆ ಒಂದು ಮಿಡಿಗೆ ಅರ್ಧ ಚಮಚ ರಸವೂ ಬರುತ್ತದೆ. ಮೇಲಿನ ರಸ ಹೀಗೆ ಖಾಲಿಯಾದರೆ ತಳದ ಮಿಡಿ ಒಣಗಿ ಕೆಡುತ್ತದೆ. ಫೋರ್ಕು ಹಾಕಿದರೆ ಮಿಡಿ ತೂತಾಗಿ ಮೆತ್ತಗಾಗುತ್ತದೆ. ಹಾಗಾಗಿ ಒಂದೊಂದು ಮಿಡಿ ಎತ್ತುವುದೂ ಒಂದು ಸರ್ಕಸ್.

ಹೊರಡುವ ಎರಡು ದಿನ ಮುಂಚೆ ಅಡುಗೆಮನೆಗೆ ಹೋದರೆ ಅಮ್ಮ ಭರಣಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಒರೆಸಿದ ಹಲ್ಲುಚಮಚ. ಒಂದು ಮಿಡಿ ಎತ್ತಿದಳು. ರಸ ಸಂದಿಯಿಂದ ಇಳಿದು ಭರಣಿಗೇ ಬಿತ್ತು. ಮೊಂಡು ಹಲ್ಲು, ಮಿಡಿಗೆ ಒಂದು ಗೀರೂ ಇಲ್ಲ. ಇನ್ನೊಂದು ಎತ್ತಿದಳು. ನನ್ನನ್ನು ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ, "ಇದನ್ನ ನಾನು ಊರಿಗೆ ತಗೊಂಡು ಹೋಗ್ಲಾ?" ಅಂದಳು.

ಮಗಳ ಜೊತೆ ಚೌಕಾಸಿ ನಡೆಯಿತು. ಎರಡು ಡಬ್ಬಿ ಕೋಡುಬಳೆಗೆ ವ್ಯಾಪಾರ ಕುದುರಿತು. ಈಗ ನನ್ನ ಸಕ್ಕರೆ ನೆಟ್ಟಗೆ ಲೋಟಕ್ಕೆ ಬೀಳುತ್ತದೆ. ಇರುವೆಗಳಿಗೆ ಕೆಲಸ ಇಲ್ಲ.

ಮೊನ್ನೆ ಫೋನ್ ಮಾಡಿದಾಗ ಹೇಗಿದೆ ಹಲ್ಲುಚಮಚ ಅಂತ ಕೇಳಿದೆ. "ಊಟಕ್ಕೆ ಪ್ರಯೋಜನ ಇಲ್ಲ ಬಿಡು ಅದು," ಅಂದಳು. ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿದಳು. "ನಿಮ್ಮ ಜಯನಗರದ ಅಂಗಡಿಯವನನ್ನ ಕೇಳು ಮಾರಾಯ್ತಿ, ಇದರಲ್ಲೇ ಉದ್ದ ಹಿಡಿದು ಇದ್ಯಾ ಅಂತ. ಭರಣಿ ತಳಕ್ಕೆ ಎಟುಕ್ತಾ ಇಲ್ಲ."